ಸುರುಳಿಯಿಂದ ನಾನು ಕತ್ತರಿಸಿದ ಹುಲಿ

ಕೇತಮ್ಮಜ್ಜಿಗೆ ಮರೆವು ಬಂದಿದೆಯೆಂದು ಯಳಂದೂರಿನಿಂದ ಬೆಟ್ಟ ಹತ್ತುವ ಬಸ್ಸಿನಲ್ಲೂ ಮಾತಾಡುತ್ತಾರೆ. ಕೊಳ್ಳೇಗಾಲದ ವೇದಿಕೆಯಲ್ಲಿ ಹಾಡು ತಪ್ಪಿದರಂತೆ, ಮಕ್ಕಳೆಲ್ಲ ನಕ್ಕರಂತೆ. ನಡೆದದ್ದು ಹೌದು. ಆದರೆ ಮರೆವು ಎನ್ನುವುದಕ್ಕೆ ಪುರಾವೆ ಏನು? ಆ ಒಂದು ದಿನ ಬಿಟ್ಟರೆ ಬೇರೇನಾದರೂ ಇದೆಯೇ? ಇಲ್ಲ. ಆ ದಿನದ ಪುರಾವೆಯನ್ನು ತಯಾರು ಮಾಡಿದವನು ನಾನು. ಅಜ್ಜಿ ಹಾಡು ಮರೆತಿರಲಿಲ್ಲ — ನಾನು ಚಿತ್ರ ಕತ್ತರಿಸಿದ್ದೆ.

ಮೂರು ವರ್ಷದ ಹಿಂದೆ ಬೆಟ್ಟದ ಮೇಲೆ ಸೋಲಿಗರ ಪೋಡಿನ, ಅಂದರೆ ಅವರ ಹಾಡಿಯ, ಶಾಲೆಯಲ್ಲಿ ನಾನು ಅತಿಥಿ ಶಿಕ್ಷಕ. ಊರು ಮುಳ್ಳೂರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಹುಡುಗ. ಪರವಾಗಲಿ ವಿರೋಧವಾಗಲಿ, ಕೊಟ್ಟ ಕಡೆ ನಿಂತು ಗೆಲ್ಲಬೇಕು — ನಾನು ಕಲಿತದ್ದು ಅಷ್ಟೇ. ಸೋತರೆ ಏನು ಮಾಡಬೇಕೆಂದು ಯಾರೂ ಕಲಿಸಲಿಲ್ಲ, ನಾನೂ ಕೇಳಲಿಲ್ಲ.

ಪೋಡಿನ ಮಕ್ಕಳ ಹಾಡಿಗೆ ಚಿತ್ರ ಓಡಿಸುವ ಪೆಟ್ಟಿಗೆ ಮಾಡೋಣ ಎಂದವನೂ ನಾನೇ. ಪ್ಲೈವುಡ್ಡಿನ ಪೆಟ್ಟಿಗೆ, ಒಳಗೆ ಎರಡು ಕೋಲು, ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುವ ಉದ್ದನೆಯ ಬಟ್ಟೆ. ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ತೆಗೆಯುವ ಮಾವನ ಮನೆಯಿಂದ ಹಳೆಯ ಚರಕದ ಹಿಡಿ ತಂದು ಸಿಕ್ಕಿಸಿದೆ. ಹಿಡಿ ತಿರುಗಿಸಿದರೆ ಕಿಂಡಿಯಲ್ಲಿ ಚಿತ್ರಗಳು ಒಂದೊಂದಾಗಿ ಸರಿಯುತ್ತವೆ. ಪೋಡಿನ ಹಾಡೆಲ್ಲ ಬಲ್ಲ ಕೇತಮ್ಮಜ್ಜಿ ಹಾಡುತ್ತಿದ್ದರು, ಮಕ್ಕಳು ಕೇಳಿ ಕೇಳಿ ಬಟ್ಟೆಯ ಮೇಲೆ ಚಿತ್ರ ಬರೆದರು. ತಿರುಗಿಸುವುದು ನಾನು. ಅಜ್ಜಿಯ ಬಾಯಿ ನೋಡಿಕೊಂಡು ತಿರುಗಿಸಬೇಕು. ಅವರು ರಾಗ ಎಳೆದರೆ ನಾನೂ ನಿಧಾನ ಮಾಡಬೇಕು, ಅವರು ನಿಂತರೆ ನಿಲ್ಲಬೇಕು.

ಆ ಹಾಡಿನಲ್ಲಿ ಅಪ್ಪ ಮರ ಹತ್ತಿ ಜೇನು ಇಳಿಸುತ್ತಾನೆ, ಪಾಲು ಹಂಚುತ್ತಾನೆ. ದೇವರಿಗೊಂದು, ಮಕ್ಕಳಿಗೊಂದು, ಕೊನೆಯದು ಹುಲಿಗೆ. ಮೀಸೆಗೆಲ್ಲ ಜೇನು ಮೆತ್ತಿಕೊಂಡ ಹುಲಿಯನ್ನು ಮಕ್ಕಳು ಬರೆದಿದ್ದರು. ನಾನು ಸುಮ್ಮನಿರಬಹುದಿತ್ತು.

"ಹುಲಿ ಜೇನು ತಿನ್ನುತ್ತಾ ಅಜ್ಜಿ? ನೀವು ಕಣ್ಣಾರೆ ನೋಡಿದ್ದೀರಾ?"

"ಇಲ್ಲ ಕಣ್ ಮೇಷ್ಟ್ರೇ."

"ಮತ್ತೆ, ನೋಡದೇ ಇರೋದನ್ನ ಮಕ್ಕಳಿಗೆ ಹೇಳಿಕೊಡಬಹುದಾ?"

ಅಜ್ಜಿ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದರು. "ಉಲಿಗೆ ಮರ ಅತ್ತಕ್ ಬರಾಕಿಲ್ಲ. ಅದ್ಕೇ ನಮ್ಮೋರು ಜೇನ್ ಕುಯ್ದಾಗ ಒಂದ್ ತುಂಡ ಮರದ ಬುಡದಲ್ಲಿ ಮಡಗ್ಬುಟ್ಟು ಬತ್ತಾರೆ. ತಿಂದ್ರೂ ಸೈ, ಬುಟ್ರೂ ಸೈ. ನೀವು ಉಣ್ಣಾಕ್ ಕುಂತಾಗ ಪಕ್ಕದೋನ್ಗೆ ಅಸಿವಾಗ್ಯದೆ ಅನ್ನೋದ್ಕೆ ಪುರಾವೆ ಕೇಳೀರಾ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಂದೆ ಕೂತಿದ್ದ ಎರಡನೇ ಕ್ಲಾಸಿನ ಪೋರಿಯೊಬ್ಬಳು, "ಮೇಷ್ಟ್ರು ಸೋತೋದ್ರು ಕಣ್ರೋ" ಎಂದಳು. ನಾನೂ ನಕ್ಕೆ. ನಕ್ಕೆನೇ ಹೊರತು —

ಕೊಳ್ಳೇಗಾಲದ ಮಕ್ಕಳ ಮೇಳಕ್ಕೆ ಹೊರಡುವ ಹಿಂದಿನ ಸಂಜೆ, ಶಾಲೆ ಬಿಟ್ಟ ಮೇಲೆ, ಬ್ಲೇಡಿನಿಂದ ಹುಲಿಯನ್ನು ಕತ್ತರಿಸಿ ತೆಗೆದೆ. ಎರಡೂ ತುದಿ ಸೇರಿಸಿ ಅಂಟು ಹಾಕಿದೆ. ಅವೈಜ್ಞಾನಿಕ, ಮಕ್ಕಳಿಗೆ ತಪ್ಪು ಕಲಿಸಬಾರದು — ಹೀಗೆಲ್ಲ ನನಗೆ ನಾನೇ ವಾದ ಮಂಡಿಸಿಕೊಂಡೆ. ಸುಳ್ಳು. ಅಕ್ಷರ ಸರಿಯಾಗಿ ಬಾರದ ಮುದುಕಿಯ ಎದುರು ಸೋತದ್ದು ಗಂಟಲಲ್ಲಿ ಇಳಿದಿರಲಿಲ್ಲ. ತುಂಡನ್ನು ಶಾಲೆಯ ಹಿಂದೆ ಕಸದ ಬೆಂಕಿಗೆ ಹಾಕಿದೆ. ಬೆಳಿಗ್ಗೆ ಬಸ್ಸಿನಲ್ಲಿ ಅಜ್ಜಿಗೆ ಹೇಳಿಬಿಡೋಣ ಎಂದುಕೊಂಡಿದ್ದೆ. ಪಕ್ಕದಲ್ಲೇ ಕೂತಿದ್ದರು. ಹೇಳಲಿಲ್ಲ.

ವೇದಿಕೆಯ ಮೇಲೆ, ಹಾಡಿನಲ್ಲಿ ಮಕ್ಕಳಿಗೆ ಪಾಲು ಹಂಚಿದ್ದು ಮುಗಿಯಿತು. ಅಜ್ಜಿ ಹುಲಿಯ ಸೊಲ್ಲು ಎತ್ತಿಕೊಂಡರು. ಕಿಂಡಿಯಲ್ಲಿ ಬಂದದ್ದು ಅಪ್ಪ ಮನೆಗೆ ಮರಳುವ ದಾರಿ. ಅಜ್ಜಿ ನಿಂತರು. ಕಿಂಡಿಯನ್ನು ನೋಡಿದರು, ಮತ್ತೆ ಮೊದಲಿಂದ ಆ ಸೊಲ್ಲು ಎತ್ತಿದರು. ಆಗ ನಾನು ಕೈ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ — ತಿರುಗಿಸಿದೆ. ಮನೆ ಬಂತು, ಒಲೆ ಬಂತು, ಅಜ್ಜಿ ಇನ್ನೂ ಮರದ ಬುಡದಲ್ಲೇ ಇದ್ದರು. ಮುಂದಿನ ಸಾಲಿನ ಮಕ್ಕಳು ನಗತೊಡಗಿದರು. ಅಜ್ಜಿ ಹಾಡು ನಿಲ್ಲಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡರು.

ತೀರ್ಪುಗಾರರು, ಹನೂರಿನ ಕಡೆಯ ನಿವೃತ್ತ ಮೇಷ್ಟ್ರು, ಮೆಲ್ಲಗೆ ಕೇಳಿದರು: "ಏನಪ್ಪಾ, ಅಜ್ಜಿಗೆ ಮರ್ತೋಯ್ತಾ?"

"ವಯಸ್ಸಾಯ್ತಲ್ಲ ಸಾರ್," ಎಂದೆ.

ಎರಡು ಪದ. ಅಜ್ಜಿಗೆ ಕೇಳಿಸಿತು. ಕೇಳಿಸಿತೆಂದು ನನಗೂ ಗೊತ್ತಾಯಿತು.

ಸಂಜೆ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ಉಲಿ ಯಾವಾಗ ಬತ್ತದೆ ಅನ್ನೋದೇ ಗ್ಯಾನ ತಪ್ಪೋಯ್ತು ಕಣ್ ಮೇಷ್ಟ್ರೇ. ಮಕ್ಳು ಬರ್ದಿರೋದು ತಪ್ಪಾದದಾ? ನನ್ ತಲೇನೇ ಕೆಟ್ಟದೆ."

ನಾನು ಕಂಡಕ್ಟರನ್ನು ಕರೆದು ಟಿಕೆಟ್ಟಿನ ಲೆಕ್ಕ ಮಾತಾಡಿದೆ.

ಅಜ್ಜಿ ಅಂದಿನಿಂದ ಶಾಲೆಯಲ್ಲಿ ಹಾಡಲಿಲ್ಲ. ಅಷ್ಟೇ ಆಗಿದ್ದರೆ ನಾನು ಹೇಗೋ ಮರೆತುಬಿಡುತ್ತಿದ್ದೆನೇನೋ. ಕಾಡಿನಲ್ಲಿ ಯಾವುದು ತಿನ್ನುವ ಗೆಣಸು, ಯಾವುದು ವಿಷದ ಬೇರು ಎಂದು ಪೋಡಿಗೇ ಹೇಳಿಕೊಟ್ಟವರು, ಈಗ ಒಂದು ಹಿಡಿ ಸೊಪ್ಪು ಕಿತ್ತರೂ ಮಗಳ ಮುಂದೆ ಹಿಡಿದು, "ಇದು ತಿನ್ನೋದೇ ಅಲ್ವಾ, ನೋಡವ್ವ" ಎಂದು ಕೇಳುತ್ತಾರೆ.

ಅಲ್ಲಿನ ಕೆಲಸ ಬಿಟ್ಟಿದ್ದ ನಾನು ಕಳೆದ ತಿಂಗಳು ಶಾಲೆಗೆ ಹೋಗಿದ್ದೆ. ಪೆಟ್ಟಿಗೆ ಇನ್ನೂ ಇದೆ. ಹೊಸ ಮಕ್ಕಳು ಹಿಡಿ ತಿರುಗಿಸುತ್ತ ಹಾಡುತ್ತಿದ್ದರು — ದೇವರಿಗೆ, ಮಕ್ಕಳಿಗೆ, ಆಮೇಲೆ ನೇರ ಮನೆಗೆ. ಜಗುಲಿಯಲ್ಲಿ ಮೊಮ್ಮಗಳಿಗಾಗಿ ಕಾಯುತ್ತ ಕೂತಿದ್ದ ಅಜ್ಜಿ ಸಣ್ಣಗೆ ದನಿ ಸೇರಿಸಿದರು. ಮಕ್ಕಳು ಹಾಡಿದಂತೆಯೇ ಹಾಡಿದರು. ಹುಲಿಯ ಸೊಲ್ಲಿಲ್ಲ.

"ನೋಡಿ ಸಾರ್, ಅಜ್ಜಿ ಈಗ ಸರಿಯಾಗಿ ಕಲ್ತ್ಕೊಂಡ್ರು," ಎಂದರು ಹೆಡ್ ಮಿಸ್, ಪ್ರೀತಿಯಿಂದಲೇ.

ಅಲ್ಲಿ ನಿಲ್ಲಲಾಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೇಳಿ ಬಂದುಬಿಟ್ಟೆ — ಅದೂ ಸುಳ್ಳು.

ಬರುವ ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಅಲ್ಲಿರುತ್ತೇನೆ, ಕೇತಮ್ಮಜ್ಜಿ. ಹೆಡ್ ಮಿಸ್ ಎದುರು, ಮಕ್ಕಳ ಎದುರು, ನಿಮ್ಮ ಮಗಳ ಎದುರು, ಹುಲಿಯನ್ನು ಕತ್ತರಿಸಿದವನು ನಾನೆಂದು ಹೇಳುತ್ತೇನೆ. ನನಗೆ ಹೆದರಿಕೆ ಬೈಗುಳದ್ದಲ್ಲ ಅಜ್ಜಿ. ಮೇಷ್ಟ್ರು ಮುದುಕಿಯನ್ನು ಸಮಾಧಾನ ಮಾಡಲು ಬಂದಿದ್ದಾರೆ ಎಂದುಕೊಂಡು, ನೀವೇ ನನ್ನ ಬೆನ್ನು ಸವರಿ ಕಳಿಸಿಬಿಟ್ಟರೆ? ಯಾರನ್ನಾದರೂ ಯಾವುದನ್ನಾದರೂ ನಂಬಿಸಬಲ್ಲೆ ಎಂಬ ಸೊಕ್ಕಿತ್ತು ನನಗೆ. ನಿಮ್ಮನ್ನು ನಂಬಿಸಿಯೂ ಬಿಟ್ಟೆ, ನಿಮ್ಮ ತಲೆ ಕೆಟ್ಟಿದೆ ಎಂದು. ಈಗ ಅದೇ ಬಾಯಿಂದ, ತಪ್ಪಿದ್ದು ನೀವಲ್ಲ ಎಂದರೆ — ನಂಬುತ್ತೀರಾ ಅಜ್ಜಿ?