ಬೀಗದಜ್ಜನ ಕಂದು ಗಿಳಿ

"ಅಮ್ಮಾ, ಬೀಗದಜ್ಜ ನನ್ನ ಚಿತ್ರದ ಪುಸ್ತಕದಲ್ಲಿ ಗಿಳಿಗೆ ಯಾಕೆ ಕಂದು ಬಣ್ಣ ಹಚ್ತಾರೆ?"

ಮಗಳು ಇದನ್ನು ಕೇಳಿದಾಗ ನಾನು ಅವಳ ತಲೆಯ ಸಿಕ್ಕು ಬಿಡಿಸುತ್ತಿದ್ದೆ. ಬಾಯಲ್ಲಿ ಎರಡು ಕ್ಲಿಪ್ಪು. ಆದರೂ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಬಿಡುವ ಜಾಯಮಾನ ನನ್ನದಲ್ಲ. "ಕೆಲವು ದೇಶದಲ್ಲಿ ಗಿಳಿ ಕಂದು ಬಣ್ಣದ್ದೇ ಇರುತ್ತೆ ಪುಟ್ಟಿ. ಅಜ್ಜಂಗೆ ಅದೆಲ್ಲ ಗೊತ್ತು" ಎಂದೆ. ಐದು ವರ್ಷದ ಮಗು ಕಣ್ಣರಳಿಸಿ ನನ್ನನ್ನೇ ನೋಡಿತು. ಆ ನೋಟಕ್ಕೆ ನಾನು ಒಳಗೊಳಗೇ ಉಬ್ಬಿದೆ. ಉಬ್ಬಿದ್ದು ಇಳಿಯಲು ಮೂರು ವಾರ ಹಿಡಿಯಿತು.

ಬೀಗದಜ್ಜ ಎಂದರೆ ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಅಂಗಡಿಯವರು. ಬೀಗ ರಿಪೇರಿ ಮಾಡುತ್ತಾರೆ, ನಕಲಿ ಕೀಲಿ ಕೊರೆದು ಕೊಡುತ್ತಾರೆ. ನಾನು ಅವರನ್ನು ದೊಡ್ಡಪ್ಪ ಎನ್ನುತ್ತೇನೆ. ನೆಂಟಸ್ತನ ಏನೂ ಇಲ್ಲ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಎರಡು ಸಲ ಕೀಲಿ ಒಳಗಿಟ್ಟು ಬಾಗಿಲು ಎಳೆದುಕೊಂಡು ಹೊರಗೆ ನಿಂತವಳು ನಾನು, ಎರಡು ಸಲವೂ ಬಾಯಿಗೆ ಬೀಗ ಹಾಕಿಕೊಂಡು ಬಾಗಿಲ ಬೀಗ ತೆಗೆದವರು ಅವರು. ನನ್ನ ಅತ್ತೆಯ ಕಿವಿಗೆ ಈವರೆಗೂ ಸುದ್ದಿ ಬಿದ್ದಿಲ್ಲ. ಅಂಥವರು ದೊಡ್ಡಪ್ಪ ಆಗದೆ ಇನ್ನೇನಾಗುತ್ತಾರೆ?

ಅಂಗಡಿ ಎಷ್ಟು ಚಿಕ್ಕದೆಂದರೆ, ಅವರು ಕೆಮ್ಮಿದರೆ ಗೋಡೆಗೆ ನೇತುಹಾಕಿದ ಕೀಲಿಗಳೆಲ್ಲ ಕಿಣಿಕಿಣಿ ಎನ್ನುತ್ತವೆ. ಹಲ್ಲು ಕೊರೆಯದ ಬೋಳು ಕೀಲಿಗಳು ಮೊಳೆಗೊಂದು ಗೊಂಚಲು. ಕೊರೆಯುವ ಮಷೀನಿನ ಕೆಳಗೆ ಹಿತ್ತಾಳೆಯ ಪುಡಿ. ಅದು ಚಿನ್ನ ಎಂದು ನಂಬಿ ಮಗಳು ಒಂದು ಹಿಡಿ ತಂದು ನನ್ನ ದಿಂಬಿನ ಚೀಲದಲ್ಲಿ ಬಚ್ಚಿಟ್ಟಿದ್ದಳು, ಒಂದು ವಾರ ಕುತ್ತಿಗೆ ಕೆರೆದುಕೊಂಡೆ. ಗಿರಾಕಿ ಜೇಬಿನಿಂದ ಕೀಲಿ ತೆಗೆಯುತ್ತಿದ್ದ ಹಾಗೆ ದೊಡ್ಡಪ್ಪ ಅದರ ಅಂಚಿನ ಮೇಲೆ ಒಮ್ಮೆ ಕಣ್ಣಾಡಿಸಿ, ತಿರುಗಿಯೂ ನೋಡದೆ ಹಿಂದಿನ ಗೋಡೆಯಿಂದ ಅದಕ್ಕೆ ಹೊಂದುವ ಬೋಳು ಕೀಲಿ ಎಳೆಯುತ್ತಾರೆ.

ಹಕ್ಕಿಗಳ ವಿಷಯದಲ್ಲೂ ಹೀಗೆಯೇ. ನಲವತ್ತು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಅವರೂ ಇನ್ನೈದು ಜನರೂ ಊರಾಚೆಯ ಕೆರೆಗೆ ಹಕ್ಕಿ ನೋಡಲು ಹೋಗುತ್ತಾರೆ. ಆ ಐವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಮಿಕ್ಕವರು ಬೈನಾಕ್ಯುಲರ್ ಎತ್ತಿ ಕಣ್ಣಿಗೆ ಹೊಂದಿಸುವಷ್ಟರಲ್ಲಿ ದೊಡ್ಡಪ್ಪ ಆಕಾಶದ ಚುಕ್ಕೆ ನೋಡಿ, "ಬಾಲ ಕವಲೊಡೆದಿದೆ, ರೆಕ್ಕೆ ಮೊಣಕೈ ಮಡಿಸಿದ ಹಾಗಿದೆ" ಎಂದು ಹೆಸರು ಹೇಳಿ ಮುಗಿಸಿರುತ್ತಾರಂತೆ. "ನಿಮ್ಮ ದೊಡ್ಡಪ್ಪನ ಕಣ್ಣು ಕಣ್ಣಲ್ಲಮ್ಮ, ಸೂಜಿ" ಎಂದು ಡಾಕ್ಟರು ನನ್ನ ಹಲ್ಲು ಕೀಳುವಾಗ ಹೇಳಿದ್ದರು. ನಾನು ಬಾಯಿ ತೆರೆದೇ ಒಪ್ಪಿದ್ದೆ.

ಈ ವರ್ಷ ಕಟ್ಟಡದ ಮೆಟ್ಟಿಲು ಒಡೆದು ಹೊಸದಾಗಿ ಕಟ್ಟುತ್ತಾರೆ, ಅಂಗಡಿ ಒಂದು ತಿಂಗಳು ಮುಚ್ಚಬೇಕು. ಇದು ತಿಳಿದದ್ದೇ ತಡ, ಐವರೂ ದೊಡ್ಡಪ್ಪನ ಬೆನ್ನು ಬಿದ್ದರು: ಎಲ್ಲರೂ ಸೇರಿ ಒಂದು ಸಲ ಹೊರದೇಶಕ್ಕೆ ಹೋಗಿ ಹಕ್ಕಿ ನೋಡಿ ಬರೋಣ, ಯಾವ ದೇಶ ಎಂದು ಮಾತ್ರ ನೀವೇ ಹೇಳಬೇಕು, ಸೂಜಿಗಣ್ಣಿನವರು ಹೇಳಿದ ಕಡೆ ಟಿಕೆಟ್.

ದೊಡ್ಡಪ್ಪ ನನ್ನನ್ನು ಕೇಳಿದರು. ಮಗಳು ಹುಟ್ಟುವ ಮುಂಚೆ ಆರು ವರ್ಷ ನಾನು ವಿಮಾನದ ಟಿಕೆಟ್ ಮಾಡಿಕೊಡುವ ಆಫೀಸಿನಲ್ಲಿ ಕೂತಿದ್ದೆ. ಜನರನ್ನು ಖಂಡದಿಂದ ಖಂಡಕ್ಕೆ ಕಳಿಸಿದ್ದೇನೆ. ನಾನು ಹೋದ ಅತಿ ದೂರದ ಜಾಗ ಅಕ್ಕನ ಮನೆ, ಬಸ್ಸಿನಲ್ಲಿ ಐದು ಗಂಟೆ. ಆದರೂ ಕೇಳಿದ ಕೂಡಲೇ ನನಗೆ ಕೊಂಬು ಬಂತು.

ಮಗಳು ಮಧ್ಯಾಹ್ನ ಮಲಗಿದ ಹೊತ್ತೆಲ್ಲ ಕೂತು ಪಟ್ಟಿ ಮಾಡಿದೆ. ಹನ್ನೊಂದು ದೇಶ, ಹದಿನಾಲ್ಕು ಅಂಕಣ. ಹಸಿರು ಬಣ್ಣ ಬಳಿದ ಚೌಕ ಎಂದರೆ ಹೋಗಬಹುದು, ಕೆಂಪು ಎಂದರೆ ಬೇಡ. ಕೊನೆಯ ಅಂಕಣ ನನ್ನ ಹೆಮ್ಮೆ: 'ಹಕ್ಕಿಗಳ ಬಣ್ಣದ ಸೊಬಗು, ಹತ್ತಕ್ಕೆ ಎಷ್ಟು'. ಕೋಸ್ಟರಿಕಕ್ಕೆ ಒಂಬತ್ತೂವರೆ ಕೊಟ್ಟಿದ್ದೆ. ನಾರ್ವೆಗೆ ಎರಡು, ಅದೂ ಕರುಣೆಯಿಂದ.

"ಈ ಪಟ್ಟಿ ನೋಡಿದ್ರೆ ಹಕ್ಕಿಗಳೇ ಬಂದು ನಿನ್ನ ಹತ್ರ ಟಿಕೆಟ್ ಕೇಳ್ತವೆ" ಎಂದರು ನನ್ನ ಗಂಡ. ಹೊಗಳಿಕೆ ಎಂದುಕೊಂಡೆ.

ದೊಡ್ಡಪ್ಪ ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಬಹಳ ಕಷ್ಟಪಟ್ಟಿದ್ದೀಯ ಮಗಳೇ. ಇದ್ರಲ್ಲಿ ಹೋಗು ಅನ್ನೋದು ಯಾವುದು, ಬೇಡ ಅನ್ನೋದು ಯಾವುದು?"

"ಹಸಿರು ಅಂದ್ರೆ ಹೋಗು, ಕೆಂಪು ಅಂದ್ರೆ ಬೇಡ. ರಸ್ತೆ ಸಿಗ್ನಲ್ ಇದ್ದ ಹಾಗೆ ದೊಡ್ಡಪ್ಪ!" ವಯಸ್ಸಾದವರೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ಸಿಗ್ನಲ್ ಆದ್ರೆ ಒಂದು ಮೇಲಿರುತ್ತೆ, ಒಂದು ಕೆಳಗಿರುತ್ತೆ. ಗೊತ್ತಾಗುತ್ತೆ" ಎಂದು ಹಾಳೆ ಮಡಿಸಿ ಡ್ರಾಯರಿನಲ್ಲಿಟ್ಟರು. "ನೋಡೋಣ."

ಮುಂದಿನ ಭಾನುವಾರವೂ ನೋಡೋಣ, ಅದರ ಮುಂದಿನದೂ ನೋಡೋಣ. ನನಗೆ ಮುಖ ಊದಿತು. ಆ ದಿನದ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ಈಗ ಓದಿದರೆ ಹಾಳೆ ಹರಿದು ನುಂಗಬೇಕು ಅನ್ನಿಸುತ್ತದೆ: 'ಕೆಲವರಿಗೆ ಕಣ್ಣೆದುರು ಇಟ್ಟರೂ ಕಾಣುವುದಿಲ್ಲ.'

ಈ ಮಂಗಳವಾರ ಮನೆಯ ಇನ್ನೊಂದು ಜೊತೆ ಕೀಲಿ ಮಾಡಿಸಲು ಇಳಿದೆ. ಗುರುತಿಗೆ ಇರಲಿ ಎಂದು ಕೀಲಿಯ ತಲೆಗೆ ಹಾಕುವ ಪ್ಲಾಸ್ಟಿಕ್ ಟೋಪಿ ಕೇಳಿದೆ, ಹಸಿರು. ದೊಡ್ಡಪ್ಪ ಡಬ್ಬಿಗೆ ಕೈ ಹಾಕಿ ತೆಗೆದುಕೊಟ್ಟರು. ಕೆಂಪು.

"ದೊಡ್ಡಪ್ಪ, ಹಸಿರು ಕೇಳಿದ್ದು."

"ಕೊಟ್ಟೆನಲ್ಲ."

ನಾನು ನಗುತ್ತ ಅದನ್ನು ವಾಪಸ್ ಇಟ್ಟೆ. ಅವರು ಅದೇ ಡಬ್ಬಿಯಿಂದ ಮತ್ತೊಂದು ತೆಗೆದು, ಬೆಳಕಿಗೆ ಹಿಡಿದು ನೋಡಿ, ಕೊಟ್ಟರು. ಅದೂ ಕೆಂಪು. ಡಬ್ಬಿಯ ಮೇಲೆ ಅವರದೇ ದುಂಡು ಅಕ್ಷರದಲ್ಲಿ 'ಹಸಿರು' ಎಂದು ಬರೆದಿತ್ತು. ಪಕ್ಕದ ಸ್ಟೂಲಿನ ಮೇಲೆ ನನ್ನ ಮಗಳು ಎರಡು ಡಬ್ಬಿಗಳ ಟೋಪಿಗಳನ್ನು ಅದಲುಬದಲು ಸುರಿದುಕೊಂಡು ಅಂಗಡಿ ಆಟ ಆಡಿ ಮುಗಿಸಿದ್ದಳು.

ಕಂದು ಗಿಳಿ ನೆನಪಾಯಿತು. ಸಿಗ್ನಲ್ ನೆನಪಾಯಿತು. ನನ್ನ ಹದಿನಾಲ್ಕು ಅಂಕಣ ನೆನಪಾಗಿ ಕಿವಿ ಬಿಸಿಯಾಯಿತು. ದೊಡ್ಡಪ್ಪ ನನ್ನ ಮುಖ ನೋಡಿದರು. ಮುಖದ ಅಂಚೂ ಅವರಿಗೆ ಓದಲು ಬರುತ್ತದೆ ಅಂತ ಕಾಣುತ್ತದೆ.

"ಗೊತ್ತಾಯ್ತಾ?" ಎಂದರು.

ಇಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಮನುಷ್ಯಳು. ಮೇಲೆ ಓಡಿ ಬಂದು, ಒಲೆಯ ಮೇಲಿನ ಹಾಲು ಉಕ್ಕುತ್ತಿದ್ದರೂ ಲೆಕ್ಕಿಸದೆ, ಸಂಜೆಯೊಳಗೆ ಎರಡನೆಯ ಪಟ್ಟಿ ಬರೆದೆ. ಕಪ್ಪುಬಿಳುಪು ಹಕ್ಕಿಗಳಿರುವ ದೇಶಗಳು ಮಾತ್ರ! ಮೊದಲ ಜಾಗ ನಾರ್ವೆ. ಸಮುದ್ರದ ಬಂಡೆಯ ತುಂಬ ಕಪ್ಪು ಬೆನ್ನು, ಬಿಳಿ ಹೊಟ್ಟೆಯ ಹಕ್ಕಿಗಳು. ಈ ಸಲ ಬಣ್ಣ ಬಳಿಯಲಿಲ್ಲ, ಅಷ್ಟು ಬುದ್ಧಿ ಬಂದಿತ್ತು.

ಮರುದಿನ ಕೊಟ್ಟೆ. ದೊಡ್ಡಪ್ಪ ಓದಿ ಗಹಗಹಿಸಿ ನಕ್ಕರು, ಕೀಲಿಗಳೆಲ್ಲ ಕಿಣಿಗುಟ್ಟಿದವು. "ಬಣ್ಣ ಕಾಣ್ಸಲ್ಲ ಅಂತ ನನ್ನ ಬಂಡೆ ಮೇಲೆ ಗಡೀಪಾರು ಮಾಡ್ತೀಯೇನೇ?"

"ಅಯ್ಯೋ, ಹಾಗಲ್ಲ ದೊಡ್ಡಪ್ಪ…"

"ಹಾಗೇನೇ. ಬೈತಾ ಇಲ್ಲ, ಕೂತ್ಕೋ." ನಗು ನಿಂತಿತು. "ಇಪ್ಪತ್ತನೇ ವಯಸ್ಸಲ್ಲಿ ರೈಲ್ವೆ ಕೆಲ್ಸಕ್ಕೆ ಹೋಗಿದ್ದೆ. ಬಣ್ಣದ ಚುಕ್ಕಿ ಪುಸ್ತಕ ಮುಂದಿಟ್ಟು ಒಳಗಿರೋ ಅಂಕಿ ಓದು ಅಂದ್ರು. ಚುಕ್ಕಿ ಬಿಟ್ಟು ಏನೂ ಇರ್ಲಿಲ್ಲ. ನನ್ನ ಹಿಂದೆ ಸಾಲಲ್ಲಿ ನಿಂತಿದ್ದವರು ನಕ್ಕ ನಗು ಇನ್ನೂ ಕಿವೀಲಿದೆ. ಆಮೇಲೆ ಯಾರಿಗೂ ಹೇಳ್ಲಿಲ್ಲ. ಭಾನುವಾರದವರಿಗೂ ಇಲ್ಲ. ಆಕಾರ ನಾನು ಹೇಳ್ತೀನಿ, ಬಣ್ಣ ನೀವು ಬರ್ಕೊಳ್ಳಿ ಅಂತ ನಲವತ್ತು ವರ್ಷ ತಳ್ಳಿದೆ. ಕೆರೆ ಮೇಲೆ ಬರೀ ಆಕಾಶ, ಅಂಚು ಕಾಣುತ್ತೆ, ನಡೀತು. ಕಾಡಲ್ಲಿ ಹಸಿರೆಲೆ ಮಧ್ಯ ಕೆಂಪು ಹಕ್ಕಿ ಕೂತ್ರೆ? ಅಗೋ ಅಗೋ ಅಂತ ಐದೂ ಜನ ಕುಣೀತಾರೆ, ಸೂಜಿಗಣ್ಣಿನವರು ಎಲೆ ನೋಡ್ತಾ ನಿಂತಿರ್ತಾರೆ."

"ಹಾಗಾದ್ರೆ ನಾರ್ವೆನೇ ಸರಿಯಲ್ವಾ?"

ಅವರು ಸಣ್ಣ ಸುತ್ತಿಗೆ ತೆಗೆದು ಮೇಜಿನ ಮೇಲಿದ್ದ ದೊಡ್ಡ ಹಿತ್ತಾಳೆ ಬೀಗಕ್ಕೆ ಒಂದೇ ಏಟು ಹಾಕಿದರು. ಠಣ್! ಮಗಳು ಸ್ಟೂಲಿನ ಮೇಲೆ ಹೌಹಾರಿದಳು.

"ಕೋಸ್ಟರಿಕದ ಬೆಟ್ಟದಲ್ಲಿ ಒಂದು ಹಕ್ಕಿ ಇದೆ, ಹೀಗೇ ಕೂಗುತ್ತೆ. ಅರ್ಧ ಮೈಲಿ ಆಚೆಗೂ ಕೇಳುತ್ತಂತೆ. ಡಾಕ್ಟ್ರು ಒಂದಿನ ಫೋನಲ್ಲಿ ಕೇಳಿಸಿದ್ರು. ಜೀವಮಾನವೆಲ್ಲ ಲೋಹ ಕುಟ್ಟಿದವನು ನಾನು. ಯಾವನೋ ಮರದ ತುದೀಲಿ ಕೂತು ಅದೇ ಕೆಲ್ಸ ಮಾಡ್ತಿದ್ದಾನೆ ಅನ್ನಿಸ್ತು. ಅವನನ್ನ ಒಂದ್ಸಲ ಕೇಳಿ ಬರ್ಬೇಕು ಮಗಳೇ. ತಲೆ ಬಿಳಿ, ಮೈ ಕಂದು ಅಂತೆ."

"ಕಂದು ಬಣ್ಣ ಅಜ್ಜನ ಹತ್ರ ಬೇಕಾದಷ್ಟಿದೆ" ಎಂದಳು ಮಗಳು.

ದೊಡ್ಡಪ್ಪ ನನ್ನ ಎರಡನೆಯ ಪಟ್ಟಿಯನ್ನು ಮೇಜಿನ ಮೇಲೆ ಸವರಿದರು. "ಇದು ನಾನೇ ಮನಸ್ಸಲ್ಲಿ ಮಾಡಿಟ್ಟಿದ್ದ ಪಟ್ಟಿ. ಈ ಭಾನುವಾರ ನಾರ್ವೆ ಅಂತ ಹೇಳೋನಿದ್ದೆ. ನಾರ್ವೆಗೆ ಹೋದ್ರೆ ನನ್ನ ಗುಟ್ಟು ಉಳಿಯುತ್ತೆ, ಠಣ್ ಅನ್ನೋನು ಸಿಗಲ್ಲ. ನಿನ್ನ ಅಕ್ಷರದಲ್ಲಿ ನೋಡಿದ್ಮೇಲೆ ನಾಚಿಕೆ ಆಯ್ತು. ಯಾರಿಗೆ ಹೆದರ್ಕೊಂಡು ಅಷ್ಟು ದೂರ ಚಳಿಗೆ ಹೋಗ್ಲಿ?"

ನನ್ನ ಪಟ್ಟಿಯಿಂದ ಕೊನೆಗೂ ಒಂದು ಉಪಯೋಗವಾಯಿತು: ಅದನ್ನು ನೋಡಿ ಒಬ್ಬರಿಗೆ ನಾಚಿಕೆಯಾಯಿತು. ಮೊದಲನೆಯದನ್ನು ನೋಡಿ ನನಗೆ ಆಗಿದೆ, ಲೆಕ್ಕ ಸಮ.

ನಾಳೆ ಭಾನುವಾರ. ಕೆರೆಯಿಂದ ವಾಪಸ್ ಬರುತ್ತ ಐವರೂ ಅಂಗಡಿಯ ಮುಂದೆ ಟೀಗೆ ನಿಲ್ಲುತ್ತಾರೆ, ದೇಶದ ಹೆಸರು ಆಗ ಹೇಳಬೇಕು. ಇವತ್ತು ಸಂಜೆ ನಾನು ಸೊಪ್ಪಿನ ಚೀಲ ಹಿಡಿದು ಮೆಟ್ಟಿಲು ಹತ್ತುವಾಗ ದೊಡ್ಡಪ್ಪ ಕರೆದರು. ಅರ ಕೈಯಲ್ಲೇ ಇತ್ತು, ಆದರೆ ಯಾವ ಕೀಲಿಯನ್ನೂ ಉಜ್ಜುತ್ತಿರಲಿಲ್ಲ.

"ಮಗಳೇ, ಒಂದು ಉಪಕಾರ ಆಗ್ಬೇಕಲ್ಲ."

"ಹೇಳಿ ದೊಡ್ಡಪ್ಪ. ಬೇಕಾದ್ರೆ ನಾನೇ ಅವರಿಗೆಲ್ಲ ವಿವರವಾಗಿ…"

"ಬೇಡ ಬೇಡ" ಎಂದು ಅರವನ್ನೇ ಅಡ್ಡ ಹಿಡಿದರು. "ನಾನೇ ಹೇಳ್ತೀನಿ. ಆದ್ರೆ ಆ ಡಾಕ್ಟ್ರ ಮುಖ ನೋಡಿದ್ರೆ ಮಾತು ಗಂಟಲಲ್ಲೇ ನಿಂತ್ಬಿಡಬಹುದು. ನಾಳೆ ಎಂಟು ಗಂಟೆಗೆ ಮಗೂನ ಕರ್ಕೊಂಡು ಕೆಳಗೆ ಬಾ. ನಾನು ತಡವರಿಸಿದ್ರೆ, ಗಿಳಿಗೆ ಯಾಕೆ ಕಂದು ಬಣ್ಣ ಹಚ್ತೀರಿ ಅಂತ ಎಲ್ಲರ ಮುಂದೆ ಜೋರಾಗಿ ಕೇಳ್ಲಿ."

ಬರುತ್ತೇವೆ ಎಂದೆ. ಎರಡು ಮೆಟ್ಟಿಲು ಹತ್ತಿರಲಿಲ್ಲ, ಮತ್ತೆ ದನಿ ಬಂತು.

"ಉತ್ತರ ಮಾತ್ರ ನೀನು ಕೊಡ್ಬೇಡ."