ಏನೂ ಹಾಕದ ಪಾತಿ

ಸೊಪ್ಪಿನ ಕಟ್ಟಿಗೆ ಕೆಂಪು ಟೇಪು ಸುತ್ತಿತ್ತು.

ಬೆಳಿಗ್ಗೆಯೇ ನೋಡಿದ್ದೆ. ನೋಡಿದ್ದೆ ಅಷ್ಟೇ, ತಲೆಗೆ ಹೋಗಿರಲಿಲ್ಲ. ಹಾಸನದ ನಮ್ಮ ಮನೆಯ ಅಡುಗೆಕಟ್ಟೆಯ ಮೇಲೆ ಒಂದು ತೋಳಿನಷ್ಟು ದಪ್ಪದ ಕಟ್ಟು, ದಂಟಿನ ಸೊಪ್ಪು, ಇನ್ನೂ ಬೇರಿಗೆ ಮಣ್ಣು ಮೆತ್ತಿಕೊಂಡಿತ್ತು. ಜವರಮ್ಮ ತಂದುಕೊಟ್ಟಿದ್ದು. ಹನ್ನೊಂದೂವರೆಗೆ ಫೋನ್ ಬಂತು. ಶಿಲ್ಪಾ.

"ಮೇಡಂ, ನಾಲ್ಕನೇ ಪಾತಿ ಸೊಪ್ಪು ಯಾರೋ ಕಿತ್ತಿದ್ದಾರೆ. ಅರ್ಧ ಪಾತಿ ಖಾಲಿ. ಗುರುತಿಗೆ ಕಟ್ಟಿದ್ದ ಕೆಂಪು ಟೇಪೂ ಇಲ್ಲ!"

ಕಿವಿಯಲ್ಲಿ ಫೋನು, ಕಣ್ಣೆದುರಿಗೆ ಟೇಪು. ನನ್ನ ಬಾಯಿ ಒಣಗಿತು.

ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಡೆಯಿರಿ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಹೊಲ ಇದೆ. ನಮ್ಮ ಮಾವ ಬದುಕಿದ್ದಾಗ ಅದರ ಒಂದು ಮೂಲೆಯನ್ನು ಯಾರಿಗೋ ಬಾಡಿಗೆಗೆ ಕೊಟ್ಟಿದ್ದರು. ಅವರು ಅಲ್ಲಿ ಶೀಟಿನ ಶೆಡ್ ಹಾಕಿಕೊಂಡು ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದರು. ಹೊಗೆ ಬರುತ್ತಿತ್ತು. ಬಾಡಿಗೆಯೂ ಬರುತ್ತಿತ್ತು. ನಾವು ಹೊಗೆಯ ಬಗ್ಗೆ ಏನೂ ಕೇಳಲಿಲ್ಲ. (ಯಾರು ಕೇಳುತ್ತಾರೆ? ನೀವು ಕೇಳುತ್ತಿದ್ದಿರಾ?) ಶೆಡ್ ಹೋಗಿ ಎಷ್ಟೋ ವರ್ಷವಾಯಿತು. ಮಣ್ಣಿಗೆ ಬಿದ್ದ ಸೀಸ ಮಾತ್ರ ಎಲ್ಲಿಗೂ ಹೋಗಿಲ್ಲ. ಹೋದ ಬೇಸಿಗೆಯಲ್ಲಿ ಸುಮ್ಮನೆ ಮಾಡಿಸಿದ ಮಣ್ಣಿನ ಪರೀಕ್ಷೆಯಲ್ಲಿ ಅದು ಗೊತ್ತಾಯಿತು.

ಶಿಲ್ಪಾ ಬಂದದ್ದು ಆಮೇಲೆ. ಮಣ್ಣಿನ ವಿಷಯದಲ್ಲಿ ಸಂಶೋಧನೆ ಮಾಡುವ ಹುಡುಗಿ. ಇನ್ನೂ ಮೂವತ್ತಾಗಿಲ್ಲ, ಮಾತು ಕಡಿಮೆ, ಕೆಲಸ ಜಾಸ್ತಿ. "ಸೀಸ ತೆಗೆಯೋಕಾಗಲ್ಲ ಮೇಡಂ. ಆದ್ರೆ ಬೇರಿಗೆ ಸಿಗದ ಹಾಗೆ ಕಟ್ಟಿಹಾಕಬಹುದು, ನೋಡೋಣ" ಎಂದಳು. ಆ ಮೂಲೆಯಲ್ಲಿ ನಾಲ್ಕು ಪಾತಿ ಮಾಡಿದಳು. ಒಂದಕ್ಕೆ ಸುಣ್ಣ. ಒಂದಕ್ಕೆ ಮೂಳೆಪುಡಿ. ಒಂದಕ್ಕೆ ತೆಂಗಿನ ಚಿಪ್ಪು ಸುಟ್ಟ ಇದ್ದಿಲ ಪುಡಿ. ನಾಲ್ಕನೆಯದಕ್ಕೆ ಏನೂ ಇಲ್ಲ, ಇದ್ದ ಮಣ್ಣು ಇದ್ದ ಹಾಗೆ. ಮಿಕ್ಕ ಮೂರನ್ನು ಹೋಲಿಸಿ ನೋಡಲು ಒಂದು ಬೇಕಲ್ಲ? ನಾಲ್ಕರಲ್ಲೂ ದಂಟು ಬಿತ್ತಿದಳು. ಸೊಪ್ಪಿಗೆ ಸೀಸ ಬೇಗ ಏರುತ್ತದಂತೆ. ಸೊಪ್ಪು ಬಲಿತ ಮೇಲೆ ಕೊಯ್ದು ಲ್ಯಾಬಿಗೆ ಕಳಿಸಬೇಕು. ತಿನ್ನಬಾರದು.

ಅಂದರೆ ನಾಲ್ಕರಲ್ಲಿ ಅತ್ಯಂತ ಅಪಾಯದ ಸೊಪ್ಪು ಯಾವುದು? ಕೆಂಪು ಟೇಪಿನ ನಾಲ್ಕನೇ ಪಾತಿಯದ್ದು. ಅದು ನನ್ನ ಅಡುಗೆಕಟ್ಟೆಯ ಮೇಲೆ ಕೂತಿತ್ತು.

ನನ್ನ ಬಾಯಿ ಒಣಗಿದ್ದು ಅದಕ್ಕಲ್ಲ. ಜವರಮ್ಮನ ಕೈಯಲ್ಲಿ ಬೆಳಿಗ್ಗೆ ಇನ್ನೊಂದು ಕಟ್ಟಿತ್ತು.

ಜವರಮ್ಮ ನಮ್ಮ ಹೊಲ ನೋಡಿಕೊಳ್ಳುವ ಹೆಂಗಸು. ಮೂವತ್ತು ವರ್ಷದಿಂದ ನಮ್ಮ ಹೊಲದ ಮಣ್ಣು ನಮಗಿಂತ ಆಕೆಗೆ ಚೆನ್ನಾಗಿ ಗೊತ್ತು. ವಾರಕ್ಕೊಮ್ಮೆ ಹಾಸನಕ್ಕೆ ಬಂದಾಗ ನನಗೊಂದು ಕಟ್ಟು ಸೊಪ್ಪು ತರುವುದು ತಪ್ಪಿಸಿದವಳಲ್ಲ. (ಆ ಕಟ್ಟುಗಳನ್ನು ನಾನೇನು ಮಾಡುತ್ತಿದ್ದೆ ಎಂಬ ವಿಷಯಕ್ಕೆ ಆಮೇಲೆ ಬರುತ್ತೇನೆ.) ಅವತ್ತು ಬಾಗಿಲಲ್ಲೇ ನಿಂತು, "ಕಾಫಿ ಬ್ಯಾಡ ಕಣವ್ವ, ಬಸ್ ಒಂಟೋಯ್ತದೆ. ಸವಿತಂಗೆ ಏಳ್ ತಿಂಗ್ಳು ತುಂಬ್ತು. ಬಸ್ಸಾರು ಬಸ್ಸಾರು ಅಂತ ಬಾಯ್ ಬುಡ್ತದೆ ಮಗ. ಈಗ್ಲೇ ಓಗಿ ಮಾಡಾಕ್ತೀನಿ" ಎಂದಿದ್ದಳು. ಸವಿತಾ ಆಕೆಯ ಮೊಮ್ಮಗಳು. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದಾರೆ. ಚೊಚ್ಚಲ ಬಸುರಿ.

ಶಿಲ್ಪಾಗೆ ಹೇಳಿದೆ. 

"ಮೇಡಂ, ಪ್ರಯೋಗ ಹಾಳಾದ್ರೆ ಇನ್ನೊಂದ್ಸಲ ಬಿತ್ತೋಣ. ಆ ಸೊಪ್ಪು ಅವ್ರ ಹೊಟ್ಟೆಗೆ ಹೋಗಬಾರದು. ಹೊಟ್ಟೇಲಿರೋ ಮಗೂಗೆ ಸೀಸ ಒಳ್ಳೇದಲ್ಲ. ಫೋನ್ ಮಾಡಿ ಬೇಗ."

ಯಾರಿಗೆ ಮಾಡಲಿ? ಜವರಮ್ಮನ ಫೋನು ಸ್ವಿಚ್ಡ್ ಆಫ್. ಚಾರ್ಜ್ ಉಳಿಯಲಿ ಅಂತ ಆಕೆ ಅದನ್ನು ಆಫ್ ಮಾಡಿಯೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಸವಿತಳ ನಂಬರು? ನನ್ನ ಹತ್ತಿರ ಇಲ್ಲ. ಬ್ಯೂಟಿ ಪಾರ್ಲರಿನ ನಂಬರಿದೆ, ಗ್ಯಾಸಿನವನದಿದೆ, ಮೂವತ್ತು ವರ್ಷ ನಮಗೆ ದುಡಿದವಳ ಮೊಮ್ಮಗಳದಿಲ್ಲ. ಥೂ ನನ್ನ ಜನ್ಮಕ್ಕಿಷ್ಟು ಅಂದುಕೊಂಡು ಕಾರು ತೆಗೆದೆ.

ನಾನು ನಿಧಾನವಾಗಿ ಓಡಿಸುವವಳು. ಹಿಂದಿನವರು ಹಾರ್ನ್ ಹೊಡೆದರೆ ಇಳಿದು ಜಗಳಕ್ಕೆ ಹೋಗುವವಳು. ಅವತ್ತು ನಾನೇ ಎಲ್ಲರಿಗೂ ಹಾರ್ನ್ ಹೊಡೆದೆ. ಟೋಲಿನಲ್ಲಿ ಮುಂದಿನ ಕಾರಿನವನ ಟ್ಯಾಗ್ ಸ್ಕ್ಯಾನ್ ಆಗುತ್ತಿಲ್ಲ. ಅವನು ಇಳಿದು ಗಾಜು ಒರೆಸುತ್ತಾನೆ, ಹಿಂದಕ್ಕೆ ಹೋಗುತ್ತಾನೆ, ಮುಂದಕ್ಕೆ ಬರುತ್ತಾನೆ. "ರೀ ಸ್ವಾಮಿ, ಸೈಡಿಗೆ ಹಾಕ್ರೀ!" ಎಂದು ಕಿರುಚಿದೆ. "ಏನ್ ಮೇಡಂ, ಮನೇಲಿ ಸಾರು ಉಕ್ತಾ ಇದೆಯಾ?" ಎಂದ. ಹೌದು ಮಾರಾಯ, ಸಾರೇ ಉಕ್ಕುತ್ತಿತ್ತು. ಲೆಕ್ಕ ಹಾಕುತ್ತಲೇ ಇದ್ದೆ. ಹನ್ನೊಂದಕ್ಕೆ ಬಸ್ಸು ಇಳಿದಿರುತ್ತಾಳೆ. ಸೊಪ್ಪು ಸೋಸಬೇಕು, ಬೇಳೆ ಬೇಯಬೇಕು, ಬಸಿಯಬೇಕು, ಖಾರ ರುಬ್ಬಬೇಕು. ಮುದ್ದೆ ಬೇರೆ. ಒಂದು ಗಂಟೆಯೊಳಗೆ ಆಗಲಿಕ್ಕಿಲ್ಲ. ಆದರೆ ಜವರಮ್ಮನ ಕೈ ಚುರುಕು. ಅವತ್ತು ಮೊದಲ ಸಲ ಅದಕ್ಕಾಗಿ ಆಕೆಯನ್ನು ಬೈದುಕೊಂಡೆ.

ಸವಿತಳ ಮದುವೆಯ ಹೊಸದರಲ್ಲಿ ಒಮ್ಮೆ ಅವರ ಮನೆಗೆ ಹೋಗಿದ್ದೆ. ಕೆರೆಯ ಕಡೆಯ ಬೀದಿ ಎಂಬುದಷ್ಟೇ ನೆನಪು. ಎರಡು ಬೀದಿ ತಪ್ಪಿದೆ. ಮೂರನೆಯದರಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮೂಗಿಗೆ ಹೊಡೆಯಿತು. ಚಪ್ಪಲಿ ಬಿಡದೆ ಒಳಗೆ ನುಗ್ಗಿದೆ.

ಸವಿತಾ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದಳು. ಮುಂದೆ ತಣಿಗೆ. ತಣಿಗೆಯಲ್ಲಿ ಮುದ್ದೆ, ಸಾರು, ಪಲ್ಯ. ಮುರಿದ ತುತ್ತು ಬೆರಳಲ್ಲಿತ್ತು. ನಾನು ಬಗ್ಗಿ ತಣಿಗೆಯನ್ನು ಕಿತ್ತುಕೊಂಡೆ. ಸಾರು ಅವಳ ಸೀರೆಯ ಮೇಲೆ ಚೆಲ್ಲಿತು.

ಬಸುರಿ ಹೆಂಗಸಿನ ಮುಂದಿನ ಅನ್ನ ಕಿತ್ತುಕೊಳ್ಳುವುದು! ನಮ್ಮ ಕಡೆ ಹಗೆಯವರೂ ಅಂಥ ಕೆಲಸ ಮಾಡುವುದಿಲ್ಲ. ಸವಿತಾ ಹೆದರಿ ಅಳಲು ಶುರು ಮಾಡಿದಳು. ಒಳಗಿನಿಂದ ಸೌಟು ಹಿಡಿದೇ ಬಂದ ಜವರಮ್ಮ ನನ್ನನ್ನು ನೋಡಿದ ನೋಟ ಇದೆಯಲ್ಲ, ಈ ಮೂವತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ.

"ಏನಾಗದೆ ನಿಮ್ಗೆ? ಉಣ್ಣೋ ಬಸ್ರಿ ಎಂಗ್ಸಿನ್ ಮುಂದ್ಲ ತಣ್ಗೆ ಕಿತ್ಕತೀರಲ್ಲ, ಕೈ ಎಂಗ್ ಬಂತವ್ವ?"

"ಆ ಸೊಪ್ಪು ತಿನ್ನಬಾರದು ಜವರಮ್ಮ! ಪ್ರಯೋಗದ ಪಾತಿಯದ್ದು ಅದು. ಬೋರ್ಡ್ ಹಾಕಿರಲಿಲ್ವಾ?"

"ಬೋಲ್ಡು ಓದಕ್ಕೆ ನಂಗೇನ್ ಬತ್ತದಾ?" ಎಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಂಗೂ ತಿಳಿವಳ್ಕೆ ಅದೆ ಕಣವ್ವ. ಆ ಉಡ್ಗಿ ಔಸ್ದಿ ಆಕಿರೋ ಮೂರ್ ಪಾತಿ ಮುಟ್ಟೂ ಇಲ್ಲ ನಾನು. ಏನೂ ಆಕ್ದೆ ಬುಟ್ಟಿತ್ತಲ್ಲ, ಅದ್ರಲ್ಲೇ ಕಿತ್ತಿದ್ದು. ನಾನ್ ನಿಮ್ಮನ್ ಕೇಳ್ನಿಲ್ವಾ? ಏನೂ ಆಕಿಲ್ಲ ಜವರಮ್ಮ ಅಂತ ನೀವೇ ಅಲ್ವಾ ಯೋಳಿದ್ದು?"

ನಾನೇ ಹೇಳಿದ್ದು.

ನಮ್ಮ ಕಡೆಯ ರೈತರು ಆಲೂಗಡ್ಡೆಗೋ ಟೊಮೆಟೊಗೋ ಔಷಧಿ ಹೊಡೆಯುವಾಗ ಒಂದು ಸಾಲು ಬಿಟ್ಟು ಹೊಡೆಯುತ್ತಾರೆ. ಅದು ಮನೆಗೆ. ಹೊಡೆದದ್ದು ಮಾರ್ಕೆಟ್ಟಿಗೆ, ಹೊಡೆಯದ್ದು ಮಕ್ಕಳ ಹೊಟ್ಟೆಗೆ. ಜವರಮ್ಮ ಜೀವಮಾನವೆಲ್ಲ ನೋಡಿ ಕಲಿತದ್ದು ಅದನ್ನೇ. ಬಿಳಿ ಪುಡಿ, ಕರಿ ಪುಡಿ ಸುರಿದ ಪಾತಿ ಅಂದರೆ ವಿಷ. ಏನೂ ಹಾಕದ್ದು ಅಂದರೆ ಚೊಕ್ಕ. ಇಲ್ಲಿ ಆ ಪುಡಿಯೇ ಕಾಪಾಡುವುದು, ವಿಷ ಇರುವುದು ಮಣ್ಣಿನಲ್ಲೇ ಎಂದು ಆಕೆಗೆ ಹೇಳಬೇಕಾದವರು ಯಾರು?

"ಆ ಮಣ್ಣಲ್ಲೇ ಸೀಸ ಇದೆ. ಬ್ಯಾಟರಿ ಶೆಡ್ಡಿಂದು" ಎಂದೆ. ಜವರಮ್ಮ ಸೌಟು ಕೆಳಗಿಟ್ಟಳು.

"ಮಣ್ಣಲ್ಲಾ?"

"ಸವಿತಾ ಎಷ್ಟು ತಿಂದಳು?"

"ಇವತ್ತು ಎಲ್ಡ್ ತುತ್ತು" ಎಂದಳು ಸವಿತಾ, ಅಳುತ್ತಲೇ. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಜವರಮ್ಮ ಗೋಡೆಗೆ ಒರಗಿ ಕೂತಳು.

"ಇವತ್ತೊಂದಿನ ಅಲ್ಲ ಕಣವ್ವ. ಇದು ಮೂರ್ನೇ ಸಲ. ಮೊದ್ಲೆಲ್ಡ್ ಸಲ ಒಂದೊಂದ್ ಇಡಿ ಕಿತ್ತಿದ್ದೆ ಅಷ್ಟೇಯ. ಅದ್ಕೂ ಮುಂಚೆ ಬದಿನ್ ಮೇಲ್ ಬೆಳ್ದಿದ್ ಬೆರ್ಕೆ ಸೊಪ್ಪು ಎಷ್ಟ್ ತಂದಿವ್ನೋ... ಎಳೇವು ಅಂತ ಆ ಮೂಲೇಲೇ ಕೀಳ್ತಿದ್ದೆ."

ಆಸ್ಪತ್ರೆಗೆ ಹೋದೆವು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ರಕ್ತ ಪರೀಕ್ಷೆ ಆಗದೆ ಏನೂ ಹೇಳಕ್ಕಾಗಲ್ಲ. ಗಾಬರಿ ಬೇಡ, ಇನ್ಮೇಲೆ ಆ ಹೊಲದ್ದು ಏನೂ ಬೇಡ" ಎಂದರು. ಸವಿತಳ ತೋಳಿಂದ ರಕ್ತ ತೆಗೆದರು. ಅಜ್ಜಿಯದೂ ಇರಲಿ ಎಂದು ಜವರಮ್ಮನದನ್ನೂ ತೆಗೆದರು. ಸ್ಯಾಂಪಲ್ ಬೇರೆ ಊರಿಗೆ ಹೋಗಬೇಕು. ನೀವು ಇದನ್ನು ಓದುವ ಹೊತ್ತಿಗೆ ರಿಪೋರ್ಟ್ ಬಂದಿರಬಹುದು. ಬರೆಯುವ ಈ ಹೊತ್ತಿಗೆ ಬಂದಿಲ್ಲ. ಫೋನ್ ಸದ್ದಾದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತೇನೆ.

ಈಗ ಆ ಕಟ್ಟುಗಳ ವಿಷಯ.

ಮಣ್ಣಿನ ರಿಪೋರ್ಟ್ ಬಂದ ದಿನದಿಂದ ಜವರಮ್ಮ ತಂದ ಸೊಪ್ಪನ್ನು ನಾನು ಒಮ್ಮೆಯೂ ಬೇಯಿಸಿಲ್ಲ. ನಗುತ್ತಾ ಇಸಿದುಕೊಳ್ಳುತ್ತಿದ್ದೆ. ಆಕೆ ಗೇಟು ದಾಟಿದ ಮೇಲೆ ಕಸದ ಗಾಡಿಗೆ ಹಾಕಿ, ಮಾರ್ಕೆಟ್ಟಿನಿಂದ ಸೊಪ್ಪು ತರುತ್ತಿದ್ದೆ. ಬೇಡ ಅಂದರೆ ಯಾಕೆ ಅನ್ನುತ್ತಾಳೆ. ಯಾಕೆ ಅಂತ ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಬೂವನಹಳ್ಳಿ ಏರ್‌ಪೋರ್ಟ್ ನೆಪದಲ್ಲಿ ಜಮೀನು ಹುಡುಕುವವರು ಈಗ ನಮ್ಮ ಹೊಲದವರೆಗೂ ಬಂದು ಹೋಗುತ್ತಿದ್ದಾರೆ. ವಿಷದ ಹೊಲ ಅಂತ ಹೆಸರು ಬಿದ್ದರೆ? ಅದಕ್ಕೇ "ಏನೋ ಪ್ರಯೋಗ ಜವರಮ್ಮ" ಎಂದು ತೇಲಿಸಿದೆ. ಸಂಕೋಚಕ್ಕೆ ಹೇಳಲಿಲ್ಲ ಅಂತ ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಸುಳ್ಳು.

ಆಸ್ಪತ್ರೆಯ ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತಿದ್ದೆವು. ಜವರಮ್ಮ ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡಿದ್ದಳು. ಇದ್ದಕ್ಕಿದ್ದಂತೆ ಏನೋ ನೆನಪಾಗಿ ನನ್ನ ಕೈ ಹಿಡಿದಳು. 

"ಅಯ್ಯೋ ಸಿವನೇ! ನಿಮ್ಗೂ ವಾರ್ವಾರ ತಂದ್ಕೊಟ್ಟಿವ್ನಲ್ಲವ್ವ! ನೀವೂ ಉಂಡಿದೀರಲ್ಲ! ಎದ್ದೇಳಿ, ನೀವೂ ಒಳೀಕೋಗಿ ರಕ್ತ ಕೊಟ್ಬುಡಿ."

ಯಾವ ಮುಖ ಇಟ್ಟುಕೊಂಡು ತೋಳು ಚಾಚಲಿ, ನೀವೇ ಹೇಳಿ?