ಬಿಸಿಲು ತಾಗದಂತೆ

ಮಗಳ ಮೂಗಿನ ತುದಿಯಲ್ಲಿ ಆ ಗುಳ್ಳೆ ಎದ್ದಾಗ ಅವಳಿಗೆ ನಾಲ್ಕು ತುಂಬಿತ್ತು. ಮೊದಲು ಸೊಳ್ಳೆ ಕಚ್ಚಿದ ಹಾಗಿತ್ತು. ದೀಪಾವಳಿಯ ಹೊತ್ತಿಗೆ ಜೋಳದ ಕಾಳಿನಷ್ಟಾಯಿತು. ಸಂಕ್ರಾಂತಿ ಬರುವಷ್ಟರಲ್ಲಿ ತೊಗರಿ ಕಾಳಿನಷ್ಟು ದಪ್ಪವಾಗಿ, ನಡುವೆ ಕುಳಿ ಬಿದ್ದು, ಟವೆಲ್ ತಾಗಿದರೂ ರಕ್ತ ಬರತೊಡಗಿತು.

ನಾವಿರುವುದು ಶಹಾಬಾದಿನಲ್ಲಿ. ನನ್ನ ಗಂಡನದು ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಕೆಲಸ. ಖಣಿಯಿಂದ ಬಂದ ಚಪ್ಪಡಿಗಳನ್ನು ಪಾಲಿಶ್ ಮಾಡಿಸಿ ಲಾರಿಗೆ ಹೇರಿಸುತ್ತಾರೆ. ಅವರು ನನ್ನ ಅವ್ವನ ಸ್ವಂತ ತಮ್ಮ. ಚಿಕ್ಕವಳಿದ್ದಾಗ ಮಾಮಾ ಎಂದು ಕರೆಯುತ್ತಿದ್ದವರನ್ನೇ ಮದುವೆಯಾದೆ, ಈಗಲೂ ಮಾಮಾ ಎಂದೇ ಕರೆಯುತ್ತೇನೆ. ನಾನು ನಾಲವಾರದ ಹತ್ತಿರ ಸರ್ಕಾರಿ ಶಾಲೆಯಲ್ಲಿ ಟೀಚರ್. ಬೆಳಿಗ್ಗೆ ರೈಲು ಹತ್ತಿ, ವಾಡಿ ದಾಟಿ ಹೋಗಿ, ಸಂಜೆ ಮರಳುತ್ತೇನೆ. ಮಗಳನ್ನು ನೋಡಿಕೊಳ್ಳಲು ಅವ್ವ ನಮ್ಮ ಜೊತೆಗೇ ಇದ್ದಾಳೆ.

ಗುಳ್ಳೆಗಿಂತ ಮೊದಲೂ ಏನೇನೋ ಕಂಡಿತ್ತು. ಐದು ತಿಂಗಳ ಕೂಸನ್ನು ಚಿಂಚೋಳಿಯಲ್ಲಿ ಬಳಗದವರ ಮದುವೆಗೆ ಎತ್ತಿಕೊಂಡು ಹೋಗಿದ್ದೆವು. ಮೆರವಣಿಗೆಯ ಜೊತೆ ಸ್ವಲ್ಪ ಹೊತ್ತು ಬಿಸಿಲಲ್ಲಿ ನಡೆದದ್ದಷ್ಟೇ. ಎರಡು ದಿನ ಬಿಟ್ಟು ಮುಖವೆಲ್ಲ ಕೆಂಡದಂತಾಗಿ ನೀರುಗುಳ್ಳೆ ಎದ್ದವು. ಅಮ್ಮ ಆಗಿದೆ, ಸಿಡುಬಿನಂಥದ್ದು ಎಂದರು ಹಿರಿಯರು, ಬೇವಿನ ಎಲೆ ಹಾಸಿ ಮಲಗಿಸಿದೆವು. ಎರಡು ವರ್ಷವಾಗುವಷ್ಟರಲ್ಲಿ ಕೆನ್ನೆ, ಕುತ್ತಿಗೆ, ಮುಂಗೈ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು ತುಂಬಿದವು. ಹೊಸ್ತಿಲು ದಾಟಿದರೆ ಸಾಕು, ಕಣ್ಣು ಬಿಗಿಯಾಗಿ ಮುಚ್ಚಿ ನನ್ನ ಸೆರಗಿನೊಳಗೆ ಮುಖ ತುರುಕುತ್ತಿದ್ದಳು.

ಕಲಬುರಗಿಯ ಚರ್ಮದ ಡಾಕ್ಟರು ಗುಳ್ಳೆಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಆ ಚುಕ್ಕೆಗಳನ್ನು ನೋಡಿದರು. ಆಮೇಲೆ ನಮ್ಮಿಬ್ಬರ ಮುಖ ನೋಡಿದರು.

"ನಿಮ್ಮದು ಸಂಬಂಧದಾಗ ಆಗಿದ್ದ ಮದುವಿ ಏನ್ರಿ?"

"ಹೌದ್ರಿ. ನಮ್ಮ ಅಕ್ಕನ ಮಗಳು," ಎಂದರು ಮಾಮಾ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹೈದರಾಬಾದಿಗಿ ಹೋಗ್ರಿ. ತಡಾ ಮಾಡಬ್ಯಾಡ್ರಿ. ಅಲ್ಲೀತನಕ ಕೂಸಿಗಿ ಬಿಸಲು ತಾಗಸಬ್ಯಾಡ್ರಿ."

ಬಿಸಿಲು ತಾಗಿಸಬೇಡಿ! ಸೇಡಂ, ಚಿತ್ತಾಪುರ, ಶಹಾಬಾದ್, ನಮ್ಮ ಕಡೆ ಬಿಸಿಲಿಲ್ಲದ ಜಾಗ ಎಲ್ಲಿದೆ? ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹೊರಗೆ ನೋಡಿದೆ. ರಸ್ತೆ, ಆಟೋಗಳ ತಗಡು, ಎದುರಿನ ಗೋಡೆ, ಎಲ್ಲ ಕಡೆಯಿಂದಲೂ ಅದು ನನ್ನ ಮಗಳಿಗಾಗಿಯೇ ಕಾದು ಕುಳಿತಂತೆ ಕಂಡಿತು. ಹಿಂದಿನ ದಿನದವರೆಗೆ ಬಟ್ಟೆ ಒಣಗಿಸುವ, ಹಪ್ಪಳ ಹಾಕುವ ಬಿಸಿಲಾಗಿತ್ತು ಅದು. ಮಗಳನ್ನು ಚಾದರದಲ್ಲಿ ತಲೆಯಿಂದ ಕಾಲವರೆಗೆ ಸುತ್ತಿ ಎದೆಗೊತ್ತಿಕೊಂಡು ಓಡಿದೆ. ಆಗ ನಾನು ಮತ್ತೆ ಬಸುರಿ. ಮನೆಯವರ ಹೊರತು ಯಾರಿಗೂ ಇನ್ನೂ ಹೇಳಿರಲಿಲ್ಲ.

ಹೈದರಾಬಾದಿನಲ್ಲಿ ಗುಳ್ಳೆಯನ್ನು ಕತ್ತರಿಸಿ ತೆಗೆದರು. ತಪಾಸಣೆಯಲ್ಲಿ ಕ್ಯಾನ್ಸರ್ ಎಂದು ಬಂತು. ನಾಲ್ಕು ವರ್ಷದ ಮಗುವಿಗೆ. ಅಲ್ಲಿಯ ಡಾಕ್ಟರಮ್ಮ ಉರ್ದು ಬೆರೆಸಿದ ಹಿಂದಿಯಲ್ಲಿ ನಿಧಾನವಾಗಿ ಹೇಳುತ್ತಿದ್ದರು, ಒಂದು ಹಾಳೆಯ ಮೇಲೆ ಎರಡು ಎಳೆಗಳ ಏಣಿಯೊಂದನ್ನು ಬರೆದರು. ಪೂರ್ತಿ ತಿಳಿಯಲು ನನಗೆ ಬಹಳ ದಿನ ಹಿಡಿಯಿತು.

ನಮ್ಮ ಒಂದೊಂದು ಜೀವಕೋಶದಲ್ಲೂ ಡಿಎನ್‌ಎ ಎಂಬ ಜೋಡಿ ಎಳೆಯಿದೆ, ಮೈ ಹೇಗೆ ನಡೆಯಬೇಕೆಂಬುದೆಲ್ಲ ಅದರಲ್ಲಿ ಅಕ್ಷರಗಳಾಗಿ ಬರೆದಿದೆ. ಬಿಸಿಲಿನ ನೇರಳಾತೀತ ಕಿರಣ ತಾಗಿದಾಗ ಅಕ್ಕಪಕ್ಕದ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಇದು ಎಲ್ಲರಿಗೂ ಆಗುತ್ತದೆ. ಹೊಲದಲ್ಲಿ ದುಡಿಯುವವರಿಗೆ, ಶಾಲೆಗೆ ನಡೆದು ಹೋಗುವ ಮಕ್ಕಳಿಗೆ, ನನಗೆ, ನಿಮಗೆ, ದಿನಾಲೂ. ಆದರೆ ಕೋಶದೊಳಗೇ ಕೆಲವು ಪ್ರೋಟೀನುಗಳಿವೆ. ಅವು ಎಳೆಯುದ್ದಕ್ಕೂ ತಡಕುತ್ತ ಹೋಗಿ, ಅಂಟಿದ ಜಾಗವನ್ನು ಗುರುತಿಸಿ, ಅದರ ಆಚೀಚೆ ಕತ್ತರಿಸಿ ಆ ತುಣುಕನ್ನು ತೆಗೆಯುತ್ತವೆ. ಎದುರಿನ ಎಳೆಯನ್ನು ನೋಡಿಕೊಂಡು ಅಲ್ಲಿ ಸರಿಯಾದ ಅಕ್ಷರ ತುಂಬುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ನನ್ನ ಮಗಳಲ್ಲಿ ಆ ಪ್ರೋಟೀನುಗಳ ಪೈಕಿ ಒಂದು ತಯಾರಾಗುವುದಿಲ್ಲ. ಅಂಟಿದ್ದು ಅಂಟಿದ ಹಾಗೇ ಉಳಿಯುತ್ತದೆ. ಕೋಶ ಎರಡಾಗುವಾಗ ಆ ಜಾಗದಲ್ಲಿ ತಪ್ಪು ಅಕ್ಷರ ಕೂರುತ್ತದೆ. ಬೆಳೆದದ್ದು ಸಾಕು, ನಿಲ್ಲು ಎಂದು ಹೇಳುವ ಜಾಗದಲ್ಲೇ ತಪ್ಪು ಬಿದ್ದರೆ ಕೋಶ ನಿಲ್ಲುವುದಿಲ್ಲ. ಮೂಗಿನ ಮೇಲಿದ್ದದ್ದು ಅದೇ.

"ಆ ಪ್ರೋಟೀನಿನ ಬರಹ ಎಲ್ಲರಲ್ಲೂ ಎರಡು ಪ್ರತಿ ಇರುತ್ತದೆ. ನಮ್ಮಿಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದೆ, ಒಂದೊಂದು ಒಳ್ಳೆಯದಿದೆ, ಅದಕ್ಕೇ ನಮಗೆ ಏನೂ ಆಗಿಲ್ಲ. ಕೂಸಿಗೆ ಎರಡೂ ಕೆಟ್ಟದ್ದೇ ಬಂದಿವೆ," ಎಂದು ಡಾಕ್ಟರಮ್ಮ ಹೇಳಿದ್ದನ್ನು ಮಾಮಾ ನನಗೆ ಕನ್ನಡದಲ್ಲಿ ತಿಳಿಸಿದರು. ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೆ.

"ಇದಕ್ಕ?" ಎಂದೆ.

ಡಾಕ್ಟರಮ್ಮನಿಗೆ ಭಾಷೆ ಬೇಕಾಗಲಿಲ್ಲ. ನಾಲ್ಕು ಬೆರಳು ತೋರಿಸಿ ಒಂದನ್ನು ಮಡಚಿದರು. ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು. ಮೊದಲನೆಯ ಮಗುವಿಗೆ ಬಂತೆಂದು ಎರಡನೆಯದಕ್ಕೆ ರಿಯಾಯಿತಿ ಇಲ್ಲ. ಮಗಳ ರಕ್ತದಲ್ಲಿ ತಪ್ಪು ಎಲ್ಲಿದೆಯೆಂದು ಮೊದಲು ಪತ್ತೆಯಾಗಬೇಕು, ಆಮೇಲೆ ಗರ್ಭದ ನೀರು ತೆಗೆದು ನೋಡಬಹುದು ಎಂದರು.

ಮನೆಗೆ ಬಂದು ಕಿಟಕಿಗಳಿಗೆಲ್ಲ ಕಿರಣ ತಡೆಯುವ ಹಾಳೆ ಅಂಟಿಸಿದೆವು, ಮೇಲೆ ಕಪ್ಪು ಪರದೆ ಹಾಕಿದೆವು. ನಮ್ಮ ಅಂಗಳ ಪೂರ್ತಿ ಫರ್ಸಿ ಹಾಸಿನದು, ಮಾಮಾ ತಾವೇ ಆರಿಸಿ ಹಾಕಿಸಿದ್ದು. ಕಲ್ಲಿನಿಂದ ಪುಟಿದ ಬಿಸಿಲೂ ಮುಖಕ್ಕೆ ಹೊಡೆಯುತ್ತದೆಂದು ಡಾಕ್ಟರಮ್ಮ ಹೇಳಿದ್ದರು. ಒಂದು ಭಾನುವಾರ ಮಾಮಾ ಹಾರೆ ಹಿಡಿದು ಎಲ್ಲ ಚಪ್ಪಡಿಗಳನ್ನೂ ಎಬ್ಬಿಸಿ ಕಪ್ಪು ಮಣ್ಣು ಹರಡಿಸಿದರು.

ಅವ್ವ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅಳುತ್ತಿದ್ದಳು. "ನಾನೇ ಕೊಟ್ಟೀನಲ್ಲೋ ಯಪ್ಪಾ. ಮಗಳು ನಮ್ಮ ಮನ್ಯಾಗೇ ಇರ್ಲಿ ಅಂತ ನಾನೇ ಹಟ ಮಾಡೀನಿ."

"ಅಕ್ಕಾ, ಇದು ನಮ್ಮ ಮೈಯಾಗ ಅದಾ ಅಂತ ಯಾರಿಗಿ ಗೊತ್ತಿತ್ತು?" ಎಂದರು ಮಾಮಾ. "ಅಳಬ್ಯಾಡ. ಆಕಿ ಕೇಳಲಿಕತ್ತಾಳ."

ಮಗಳು ಪರದೆಯ ಹಿಂದೆ ನಿಂತಿದ್ದಳು.

ಏಪ್ರಿಲ್ ಮೊದಲಲ್ಲಿ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆದರು. ಫಲಿತಾಂಶಕ್ಕೆ ಕೆಲವು ವಾರ ಬೇಕೆಂದರು. ಆ ಕೆಲವು ವಾರಗಳಲ್ಲಿ ಕೂಸು ಹೊಟ್ಟೆಯಲ್ಲಿ ಮಿಸುಕಾಡಲು ಶುರುಮಾಡಿತು. ಮಗಳಿದ್ದಾಗ ಮೊದಲ ಸಲ ಮಿಸುಕಿದ್ದನ್ನು ಊರಿಗೆಲ್ಲ ಹೇಳಿದ್ದೆ. ಈ ಸಲ ಬಾಯಿ ಬಿಡಲಿಲ್ಲ. ಫಲಿತಾಂಶ ಕೆಟ್ಟದ್ದು ಬಂದರೆ ಏನು ಮಾಡುವುದೆಂದು ಮಾಮಾ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಶಾಲೆಗೆ ರಜೆ ಬಿದ್ದ ಮೇಲೆ ಒಂದು ಮಧ್ಯಾಹ್ನ ಹಿತ್ತಲ ಬಚ್ಚಲಲ್ಲಿ ಬಟ್ಟೆ ಒಗೆದು ಒಳಗೆ ಬಂದೆ. ಮುಂಬಾಗಿಲು ಹಾರುಹೊಡೆದಿತ್ತು. ಹೊಸ್ತಿಲಿನಿಂದ ಒಳಗೆ ಬಿಸಿಲು ಉದ್ದಕ್ಕೆ ಬಿದ್ದಿತ್ತು. ಅವ್ವ ಗೋಡೆಗೊರಗಿ ತೂಕಡಿಸುತ್ತಿದ್ದಳು.

"ಅವ್ವಾ, ಕೂಸೆಲ್ಲಿ?"

ಅವಳು ಕಣ್ಣು ಬಿಟ್ಟು ಬಾಗಿಲು ನೋಡಿದಳು, ಎದೆ ಬಡಿದುಕೊಂಡಳು.

ಚಪ್ಪಲಿ ಹಾಕದೆ ಓಡಿದೆ. ಅಂಗಾಲು ಸುಟ್ಟಿದ್ದು ಆಮೇಲೆ ಗೊತ್ತಾಯಿತು. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಏಪ್ರಿಲ್ ಮಧ್ಯಾಹ್ನ ಯಾರು ಹೊರಗಿರುತ್ತಾರೆ? ಕಡೆಗೆ ಓಣಿಯ ಕೊನೆಗಿರುವ, ಊಟದ ಹೊತ್ತಿಗೆ ಖಾಲಿಯಿದ್ದ ಮಾಮಾನ ಕಲ್ಲಿನ ಅಡ್ಡೆಯಲ್ಲಿ ಕಂಡಳು. ಪೇರಿಸಿಟ್ಟ ಚಪ್ಪಡಿಗಳ ಸಂದಿಯಲ್ಲಿ ನಾಯಿ ಮರಿ ಹಾಕಿತ್ತು. ಇವಳು ಬರಿತಲೆಯಲ್ಲಿ, ಬರಿತೋಳಿನಲ್ಲಿ ಅವುಗಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತಿದ್ದಳು. ಸುತ್ತಲೂ ಪಾಲಿಶ್ ಮಾಡಿದ ಕಲ್ಲು ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಅವಳ ಕಣ್ಣಿಂದ ಧಾರಾಕಾರವಾಗಿ ನೀರು ಸುರಿಯುತ್ತಿತ್ತು, ಆದರೂ ನಗುತ್ತಿದ್ದಳು.

"ಅವ್ವಾ, ಮರಿ ಕಣ್ಣು ಬಿಟ್ಟಿಲ್ಲ ನೋಡು, ನನ್ನಂಗ," ಎಂದಳು.

ನನ್ನ ಸೀರೆಯನ್ನೇ ಹೊದಿಸಿ ಎತ್ತಿಕೊಂಡು ಬಂದೆ. ಆ ದಿನ ಮುಖದ ಮೇಲೆ ಏನೂ ಕಾಣಲಿಲ್ಲ. ಕಾಣದಿರುವುದೇ ನನಗೆ ದೊಡ್ಡ ಹೆದರಿಕೆಯಾಯಿತು, ಏಕೆಂದರೆ ಒಳಗೆ ಏನಾಗುತ್ತಿದೆಯೆಂದು ಈಗ ನನಗೆ ಗೊತ್ತಿತ್ತು. ಎಲ್ಲರ ಮೈಯಲ್ಲೂ ಆ ಹೊತ್ತಿಗೆ ರಿಪೇರಿ ಶುರುವಾಗಿರುತ್ತದೆ, ಇವಳ ಮೈಯಲ್ಲಿ ಯಾರೂ ಕೆಲಸಕ್ಕೆ ಬರುವುದಿಲ್ಲ. ಮೂರನೆಯ ದಿನಕ್ಕೆ ಮುಖ ಊದಿ ಕಣ್ಣು ಮುಚ್ಚಿಹೋದವು. ತಣ್ಣೀರಿನ ಬಟ್ಟೆ ಬದಲಿಸುತ್ತ ಕುಳಿತೆವು. ಊತ ಇಳಿಯಿತು, ಸಿಪ್ಪೆ ಉದುರಿತು, ಹೊಸ ಚುಕ್ಕೆಗಳು ಬಂದವು. ಯಾವ ಚುಕ್ಕೆ ಮುಂದೆ ಏನಾಗುತ್ತದೆಂದು ನೋಡಿದರೆ ತಿಳಿಯುವಂತಿರಲಿಲ್ಲ.

ಅವಳ ಮುಖದ ಸಿಪ್ಪೆ ಇನ್ನೂ ಪೂರ್ತಿ ಹೋಗಿರಲಿಲ್ಲ, ಮಾಮಾ ಅಡ್ಡೆಯಿಂದ ಹೊತ್ತಲ್ಲದ ಹೊತ್ತಿಗೆ ಮನೆಗೆ ಬಂದರು. ಕೈಯಲ್ಲಿ ಮೊಬೈಲಿತ್ತು.

"ಫೋನ್ ಬಂದಿತ್ತು," ಎಂದರು. "ನಮ್ಮಂಗೇ ಅದಾ. ಒಂದು ಕೆಟ್ಟದು, ಒಂದು ಚಲೋದು. ರೋಗ ಇಲ್ಲ."

"ಇನ್ನೊಮ್ಮಿ ಹೇಳ್ರಿ ಮಾಮಾ."

"ರೋಗ ಇಲ್ಲ." ಹೇಳಿ ಅಲ್ಲೇ ನೆಲಕ್ಕೆ ಕುಳಿತು ಮುಖ ಮುಚ್ಚಿಕೊಂಡರು. ನನಗೆ ಅಳು ಬರಲಿಲ್ಲ. ಬೇರೆ ಉತ್ತರ ಬಂದಿದ್ದರೆ ಏನು ಮಾಡುತ್ತಿದ್ದೆ ಎಂಬುದು ಈವರೆಗೂ ನನಗೆ ಗೊತ್ತಿಲ್ಲ, ಯೋಚಿಸಲು ಧೈರ್ಯವೂ ಇಲ್ಲ.

ಗಂಡು ಕೂಸು ಹುಟ್ಟಿತು. ಅವ್ವ ಎಣ್ಣೆ ತಿಕ್ಕಿ ಎರೆದು, ಎಳೆಬಿಸಿಲಿಗೆ ಹಿಡಿಯಲು ಹೋಗದೆ ನನ್ನ ಕೈಗೆ ಕೊಟ್ಟಳು. "ನನ್ನ ಕೈಲಿ ಆಗಂಗಿಲ್ಲ ಯವ್ವಾ, ನೀನೇ ಹೋಗು," ಎಂದಳು. ಮಗನನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದೆ. ಇವನಿಗೆ ಬಿಸಿಲಿನಿಂದ ಏನೂ ಆಗದೆಂದು ಡಾಕ್ಟರಮ್ಮ ಹೇಳಿದ್ದರು, ವರದಿಯೂ ಇತ್ತು, ಆದರೂ ಮೊದಲು ಸೆರಗು ಅವನ ಮುಖಕ್ಕೆ ಅಡ್ಡ ಹಿಡಿದು, ಆಮೇಲೆ ಸರಿಸಿದೆ. ಸ್ವಲ್ಪವೇ ಹೊತ್ತು ನಿಂತು ಒಳಗೆ ಓಡಿಬಂದೆ. ಮುಂದಿನ ಮೂರು ದಿನ ಅವನ ಕೆನ್ನೆಯನ್ನು ಗಳಿಗೆಗೊಮ್ಮೆ ನೋಡಿದೆ. ಏನೂ ಆಗಲಿಲ್ಲ.

ಮಗಳು ಈಗ ಆರನೇ ತರಗತಿ. ಉದ್ದ ತೋಳು, ಕೈಗವಸು, ಪ್ಲಾಸ್ಟಿಕ್ ಪರದೆ ಹೊಲಿದ ಟೋಪಿ ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಆಟದ ಪೀರಿಯಡ್ಡಿನಲ್ಲಿ ಒಳಗೆ ಕೂತು ಚಿತ್ರ ಬರೆಯುತ್ತಾಳೆ. ಮೂರು ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗುತ್ತೇವೆ. ಈ ನಡುವೆ ಕೆನ್ನೆಯ ಮೇಲೊಂದು, ಕಿವಿಯ ಹಿಂದೊಂದು ತೆಗೆದಿದ್ದಾರೆ. ಹೋದ ತಿಂಗಳು ಕಣ್ಣಿನ ರೆಪ್ಪೆಯ ಮೇಲೆ ಎದ್ದದ್ದನ್ನು ಅವಳೇ ಕನ್ನಡಿಯಲ್ಲಿ ಕಂಡು ನನ್ನನ್ನು ಕರೆದಳು.

"ಇದೂ ಅದೇ ಏನವ್ವಾ?"

"ಗೊತ್ತಿಲ್ಲವ್ವಾ. ತೋರ್ಸಮು."

ಅದೂ ಅದೇ ಆಗಿತ್ತು. ಸಣ್ಣದಿರುವಾಗಲೇ ಸಿಕ್ಕಿತು, ಪೂರ್ತಿ ತೆಗೆದಿದ್ದೇವೆ, ಅಂಚಿನಲ್ಲಿ ಏನೂ ಉಳಿದಿಲ್ಲ ಎಂದರು. ಹೊಲಿಗೆ ಬಿಚ್ಚಿಸಿಕೊಂಡು ರೈಲಿನಲ್ಲಿ ಮರಳುವಾಗ ಸೇಡಂ ದಾಟುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಅವಳು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಸರಳಿಗೆ ಮುಖವಿಟ್ಟಳು. ಗಾಳಿಗೆ ಕೂದಲು ಹಾರುತ್ತಿತ್ತು. "ಈಗ ನಡೀತದ ಅಲ್ಲಾ ಅವ್ವಾ?" ಎಂದಳು.

"ನಡೀತದ," ಎಂದೆ. ಹೇಳಿ, ಅವಳ ತಲೆಯ ಮೇಲಿಂದ ಬಗ್ಗಿ, ಪಡುವಣದ ಆಕಾಶದಲ್ಲಿ ಇನ್ನೂ ಎಷ್ಟು ಬೆಳಕು ಉಳಿದಿದೆಯೆಂದು ನೋಡಿದೆ.